ಮೇಣದ ಕಥೆ, ಬೇರಿನ ಸತ್ಯ



ಇಂಗ್ಲಿಷ್ ಭಾಷೆಯ ಕೆಲವು ಪದಗಳು ನಮ್ಮ ಮನೆಮಾತಿನೊಳಗೆ ಸದ್ದಿಲ್ಲದೆ ಬಂದು ಕುಳಿತಿವೆ. ಅವುಗಳಲ್ಲೊಂದು 'ಸಿನ್ಸಿಯರ್' ಎಂಬ ಗುಣವಾಚಕ. "ಅವರ ಮಗ ತುಂಬಾ ಸಿನ್ಸಿಯರ್" ಎಂದು ನಾವು ಹೇಳಿದರೆ, ಆ ಹುಡುಗ ಹೊತ್ತಿಗೆ ಸರಿಯಾಗಿ ಓದುತ್ತಾನೆ, ಕೊಟ್ಟ ಕೆಲಸವನ್ನು ತಪ್ಪದೆ ಮಾಡುತ್ತಾನೆ, ಹಿರಿಯರ ಮಾತನ್ನು ಮೀರುವುದಿಲ್ಲ ಎಂದರ್ಥ. ಕಚೇರಿಯಲ್ಲಿ ರಜೆ ಹಾಕದೆ ದುಡಿಯುವವರು ಸಿನ್ಸಿಯರ್. ಭಾನುವಾರದ ಬಲಿಪೂಜೆಯನ್ನು ತಪ್ಪಿಸದ ಕುಟುಂಬ ಸಿನ್ಸಿಯರ್. ಅಂದರೆ ಶ್ರದ್ಧೆ, ಶಿಸ್ತು, ಕರ್ತವ್ಯಪಾಲನೆ ಇವುಗಳಿಗೆ ನಾವು ಈ ಹೆಸರನ್ನು ಇಟ್ಟುಕೊಂಡಿದ್ದೇವೆ.

ಇಂಗ್ಲಿಷರ ಬಾಯಲ್ಲಾದರೋ ಈ ಪದದ ಮುಖ್ಯ ಅರ್ಥ ಬೇರೆ. ಮನಸ್ಸಿನಲ್ಲಿರುವುದೇ ಮಾತಿನಲ್ಲಿಯೂ ಇದ್ದರೆ, ಹೊರಗೆ ತೋರುವ ಭಾವವೇ ಒಳಗೂ ಇದ್ದರೆ, ಆ ವ್ಯಕ್ತಿ ಸಿನ್ಸಿಯರ್. ಈ ಎರಡು ಅರ್ಥಗಳ ನಡುವೆ ಸಣ್ಣದಲ್ಲದ ಅಂತರವಿದೆ. ಕರ್ತವ್ಯವನ್ನು ಅಚ್ಚುಕಟ್ಟಾಗಿ ಪೂರೈಸುತ್ತಲೇ ಒಳಗೆ ಬೇರೆಯೇ ಆಗಿರಲು ಮನುಷ್ಯನಿಗೆ ಸಾಧ್ಯ. ಒಂದು ಭಾನುವಾರವೂ ತಪ್ಪದೆ ದೇವಾಲಯಕ್ಕೆ ಬಂದು, ಒಂದು ದಿನವೂ ಮನಸ್ಸನ್ನು ಅಲ್ಲಿಗೆ ತಾರದೆ ಹಿಂದಿರುಗಲು ಸಾಧ್ಯ. ಆದ್ದರಿಂದ ಈ ಪದದ ಮೂಲವನ್ನು ಹುಡುಕುವುದು ಬರಿಯ ಭಾಷಾವಿನೋದವಲ್ಲ. ಅದು ನಮ್ಮ ಆತ್ಮಪರೀಕ್ಷೆಗೂ ನೆರವಾಗಬಲ್ಲದು.

ಈ ಪದದ ಹುಟ್ಟಿನ ಬಗ್ಗೆ ಒಂದು ಸೊಗಸಾದ ಕಥೆಯಿದೆ. ಪ್ರಬೋಧನೆಗಳಲ್ಲಿ, ಧ್ಯಾನಕೂಟಗಳಲ್ಲಿ, ವ್ಯಕ್ತಿತ್ವ ವಿಕಸನದ ಶಿಬಿರಗಳಲ್ಲಿ ನಿಮ್ಮಲ್ಲಿ ಹಲವರು ಅದನ್ನು ಕೇಳಿರಬಹುದು. ಪ್ರಾಚೀನ ರೋಮಿನಲ್ಲಿ ಅಮೃತಶಿಲೆಯ ಪ್ರತಿಮೆಗಳಿಗೆ ಬಹಳ ಬೇಡಿಕೆಯಿತ್ತಂತೆ. ಕೆತ್ತುವಾಗ ಉಳಿ ಜಾರಿ ಮೂಗೋ ಬೆರಳೋ ಬಿರುಕು ಬಿಟ್ಟರೆ, ಮೋಸಗಾರ ಶಿಲ್ಪಿಗಳು ಆ ಬಿರುಕಿಗೆ ಕಲ್ಲಿನ ಬಣ್ಣದ ಮೇಣವನ್ನು ತುಂಬಿ ಮಾರಿಬಿಡುತ್ತಿದ್ದರಂತೆ. ಕೊಂಡವನು ಅದನ್ನು ಅಂಗಳದಲ್ಲಿ ನಿಲ್ಲಿಸಿದಾಗ ಬಿಸಿಲಿಗೆ ಮೇಣ ಕರಗಿ ಬಣ್ಣ ಬಯಲಾಗುತ್ತಿತ್ತು. ಆದ್ದರಿಂದ ಪ್ರಾಮಾಣಿಕ ಶಿಲ್ಪಿಗಳು ತಮ್ಮ ಅಂಗಡಿಯ ಮುಂದೆ 'ಸಿನೆ ಚೇರಾ', ಅಂದರೆ 'ಮೇಣವಿಲ್ಲದ್ದು' ಎಂದು ಬರೆದು ಹಾಕುತ್ತಿದ್ದರು. ಆ ಎರಡು ಲತೀನ್ ಪದಗಳೇ ಕೂಡಿ 'ಸಿನ್ಸಿಯರ್' ಆಯಿತು. ಇದು ಕಥೆ.

ಕಥೆಯ ಆಕರ್ಷಣೆಯನ್ನು ಅಲ್ಲಗಳೆಯಲಾಗದು. ಕೇಳಿದ ಕೂಡಲೇ ನೆನಪಿನಲ್ಲಿ ನಿಲ್ಲುತ್ತದೆ. ನೀತಿಯೂ ತಾನಾಗಿಯೇ ಹೊರಡುತ್ತದೆ. 'ದ ಡಾ ವಿಂಚಿ ಕೋಡ್' ಬರೆದ ಡ್ಯಾನ್ ಬ್ರೌನ್ 1998ರಲ್ಲಿ ಪ್ರಕಟಿಸಿದ 'ಡಿಜಿಟಲ್ ಫೋರ್ಟ್ರೆಸ್' ಕಾದಂಬರಿಯಲ್ಲಿ ನಾಯಕನು ತನ್ನ ಪ್ರಿಯತಮೆಗೆ ಬರೆಯುವ ಚೀಟಿಗಳ ಕೊನೆಗೆ 'ಮೇಣವಿಲ್ಲದೆ' ಎಂದು ಸಹಿ ಹಾಕುತ್ತಾನೆ. ಹೀಗೆ ಕಥೆ ಲೋಕವನ್ನೆಲ್ಲ ಸುತ್ತಿದೆ.

ಆದರೆ ಕಥೆ ನಿಜವೇ? ಭಾಷಾಶಾಸ್ತ್ರಜ್ಞರು ಇದನ್ನು ಒಪ್ಪುವುದಿಲ್ಲ. ಇಂಗ್ಲಿಷಿನ ಪ್ರಮಾಣಭೂತ ನಿಘಂಟುಗಳು ಈ ವಿವರಣೆಯನ್ನು ಬದಿಗೆ ಸರಿಸಿವೆ. ಅದಕ್ಕೆ ಕಾರಣಗಳೂ ಇವೆ. ಮೊದಲನೆಯದು ಪದರಚನೆ. 'ಇಲ್ಲದ' ಎಂಬರ್ಥದ ಗುಣವಾಚಕವನ್ನು ಕಟ್ಟಬೇಕಾದಾಗ ಹಳೆಯ ಲತೀನ್ 'ಸೇ' ಎಂಬ ಉಪಸರ್ಗವನ್ನು ಬಳಸಿದ್ದುಂಟು. 'ಸೇ' ಮತ್ತು 'ಕೂರಾ', ಅಂದರೆ ಚಿಂತೆ, ಕೂಡಿ 'ಸೇಕೂರುಸ್' ಆಯಿತು, ಚಿಂತೆಯಿಲ್ಲದ್ದು ಎಂದರ್ಥ. ಇಂಗ್ಲಿಷಿನ 'ಸೆಕ್ಯೂರ್' ಬಂದದ್ದು ಅಲ್ಲಿಂದ. 'ಸಿನೆ ಚೇರಾ' ಎಂಬ ಎರಡು ಬಿಡಿ ಪದಗಳು ಒಂದಾಗಿ ಗುಣವಾಚಕವಾಗುವುದು ಆ ಭಾಷೆಯ ಜಾಯಮಾನಕ್ಕೆ ಒಗ್ಗುವುದಿಲ್ಲ.

ಎರಡನೆಯದು ಇನ್ನೂ ಸ್ವಾರಸ್ಯಕರ. ರೋಮನರು ಅಮೃತಶಿಲೆಗೆ ಮೇಣ ಹಚ್ಚುತ್ತಿದ್ದದ್ದು ನಿಜ, ಆದರೆ ಮೋಸಕ್ಕಲ್ಲ. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ಬಾಳಿದ ವಿಟ್ರೂವಿಯಸ್ ಎಂಬ ವಾಸ್ತುಶಿಲ್ಪಿ ತನ್ನ ಗ್ರಂಥದ ಏಳನೆಯ ಭಾಗದಲ್ಲಿ, ಗೋಡೆಯ ಕೆಂಬಣ್ಣ ಬಿಸಿಲಿಗೆ ಮಾಸದಂತೆ ಎಣ್ಣೆ ಬೆರೆಸಿದ ಮೇಣವನ್ನು ಹಚ್ಚಿ ಉಜ್ಜುವ ಕ್ರಮವನ್ನು ವಿವರಿಸುತ್ತಾನೆ. ಅಮೃತಶಿಲೆಯ ಪ್ರತಿಮೆಗಳನ್ನು ಹೀಗೆಯೇ ಆರೈಕೆ ಮಾಡುತ್ತಾರೆ ಎಂದೂ ಹೇಳುತ್ತಾನೆ. ಅಂದರೆ ಮೇಣ ಅಲ್ಲಿ ಕಳ್ಳಸರಕಾಗಿರಲಿಲ್ಲ. ಕಲ್ಲಿನ ಕಾಂತಿಯನ್ನು ಕಾಪಾಡುವ ಆರೈಕೆಯಾಗಿತ್ತು. ಮೇಣ ಹಚ್ಚಿದ ಪ್ರತಿಮೆ ಎಂದರೆ ಯಜಮಾನನು ಚೆನ್ನಾಗಿ ನೋಡಿಕೊಂಡ ಪ್ರತಿಮೆ!

ಹಾಗಾದರೆ ಮೇಣದ ಮಾತು ಎಲ್ಲಿಂದ ಬಂತು? ಅದಕ್ಕೊಂದು ಹಳೆಯ ಸುಳಿವಿದೆ. ನಾಲ್ಕನೆಯ ಶತಮಾನದಲ್ಲಿ ರೋಮಿನಲ್ಲಿ ಈಲಿಯಸ್ ದೊನಾತುಸ್ ಎಂಬ ಹೆಸರಾಂತ ವ್ಯಾಕರಣದ ಗುರುಗಳಿದ್ದರು. ಅವರು ತೆರೆನ್ಸ್ ಎಂಬ ನಾಟಕಕಾರನ ಕೃತಿಗಳಿಗೆ ವ್ಯಾಖ್ಯಾನ ಬರೆಯುವಾಗ 'ಸಿನ್ಸೇರುಸ್' ಪದಕ್ಕೆ ಶುದ್ಧ, ಸರಳ ಎಂದು ಅರ್ಥ ಹೇಳಿ, ಮೇಣ ಸೋಸಿ ತೆಗೆದ ಜೇನಿನ ಹೋಲಿಕೆಯನ್ನು ಕೊಟ್ಟರು. ಗಮನಿಸಿ: ಅಲ್ಲಿ ಶಿಲ್ಪಿಯಿಲ್ಲ, ಬಿರುಕಿಲ್ಲ, ಮೋಸವಿಲ್ಲ, ಇರುವುದು ಜೇನುಹುಟ್ಟು ಮಾತ್ರ. ಈ ದೊನಾತುಸ್ ನಮಗೆ ತೀರ ಅಪರಿಚಿತರಲ್ಲ. ಪವಿತ್ರ ಗ್ರಂಥವನ್ನು ಲತೀನಿಗೆ ತಂದ ಸಂತ ಜೆರೋಮರು ತಮ್ಮ ಬಾಲ್ಯದಲ್ಲಿ ವ್ಯಾಕರಣ ಕಲಿತದ್ದು ಇವರ ಬಳಿಯಲ್ಲೇ.

ಪದಗಳ ಹೊಟ್ಟೆಯಿಂದ ನೀತಿಯನ್ನು ಹೊರತೆಗೆಯುವ ಆಸೆ ಧರ್ಮಸಭೆಯ ಬೋಧಕರಿಗೆ ಹೊಸತಲ್ಲ. 636ರಲ್ಲಿ ತೀರಿಕೊಂಡ ಸೆವಿಲ್ಲಿನ ಧರ್ಮಾಧ್ಯಕ್ಷ ಸಂತ ಇಸಿದೋರರು ಪದಗಳ ಮೂಲವನ್ನು ವಿವರಿಸುವ ಇಪ್ಪತ್ತು ಪುಸ್ತಕಗಳ ಬೃಹತ್ ಕೋಶವನ್ನೇ ರಚಿಸಿದರು. ಮನುಷ್ಯನಿಗೆ 'ಹೋಮೋ' ಎಂಬ ಹೆಸರು ಮಣ್ಣು ಎಂಬರ್ಥದ 'ಹೂಮುಸ್' ಪದದಿಂದ ಬಂತು ಎಂದು ಅವರು ಬರೆದರು. ಇಂದಿನ ಭಾಷಾಶಾಸ್ತ್ರವೂ ಆ ಎರಡು ಪದಗಳ ನಂಟನ್ನು ಒಪ್ಪುತ್ತದೆ. ಎಲ್ಲ ವಿವರಣೆಗಳಿಗೂ ಅಂಥ ಅದೃಷ್ಟವಿಲ್ಲ. ಹೆಣಕ್ಕಿರುವ 'ಕದಾವೆರ್' ಎಂಬ ಲತೀನ್ ಪದವನ್ನು ಮೂರು ತುಂಡು ಮಾಡಿ, 'ಹುಳುಗಳಿಗೆ ಕೊಟ್ಟ ಮಾಂಸ' ಎಂಬ ಮೂರು ಪದಗಳ ಮೊದಲ ಅಕ್ಷರಗಳು ಅವು ಎಂದು ಹಿಂದಿನ ಬೋಧಕರು ಸಾರಿದರು. ಸಾವಿನ ನೆನಪು ತರಿಸಲು ಅದಕ್ಕಿಂತ ಪರಿಣಾಮಕಾರಿ ಮಾತು ಬೇಕೇ? ಆದರೆ ಆ ಪದ ಬಂದದ್ದು 'ಬೀಳು' ಎಂಬರ್ಥದ ಸಾಧಾರಣ ಧಾತುವಿನಿಂದ.

"ನೀತಿ ಒಳ್ಳೆಯದಿದ್ದರೆ ಸಾಲದೇ ಗುರುಗಳೇ? ಕಥೆ ನಿಜವೋ ಸುಳ್ಳೋ ಎಂಬ ಚರ್ಚೆ ಏಕೆ?" ಎಂದು ನೀವು ಕೇಳಬಹುದು. ಕಥೆಯನ್ನು ಕಥೆಯೆಂದೇ ಹೇಳುವುದರಲ್ಲಿ ತಪ್ಪಿಲ್ಲ. ಯೇಸುಸ್ವಾಮಿಯೇ ಸಾಮತಿಗಳ ಮೂಲಕ ಬೋಧಿಸಿದರು. ಒಳ್ಳೆಯ ಸಮಾರಿಯದವನ ಊರು ಕೇರಿಗಳನ್ನು ಯಾರೂ ವಿಚಾರಿಸಲಿಲ್ಲ. ತೊಡಕು ಇರುವುದು ಕಥೆಯನ್ನು ಇತಿಹಾಸವೆಂದು ಹೇಳುವುದರಲ್ಲಿ. ಇಂದು ಧರ್ಮೋಪದೇಶದ ತರಗತಿಯಲ್ಲಿ ಕುಳಿತ ಹದಿಮೂರರ ಬಾಲಕಿ ಮನೆಗೆ ಹೋಗಿ ಮೊಬೈಲಿನಲ್ಲಿ ನಿಘಂಟು ತೆರೆದರೆ ಸಾಕು, ಮೇಣದ ಕಥೆ ಸುಳ್ಳೆಂದು ತಿಳಿಯುತ್ತದೆ. ಆಗ ಅವಳ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದು ಪದಕ್ಕೆ ಸೀಮಿತವಾಗಿರದು. ಇದನ್ನು ಪರಿಶೀಲಿಸದೆ ಹೇಳಿದವರು ಖಾಲಿ ಸಮಾಧಿಯ ಬಗ್ಗೆ ಹೇಳಿದ್ದನ್ನು ಪರಿಶೀಲಿಸಿದ್ದಾರೆಯೇ ಎಂದು ಅವಳು ಕೇಳಿಕೊಂಡಾಳು. ಸಂತ ಪೇತ್ರರ ಹೆಸರಿನ ಎರಡನೆಯ ಪತ್ರವು, ಜಾಣತನದಿಂದ ಹೆಣೆದ ಕಟ್ಟುಕಥೆಗಳನ್ನು ನಂಬಿ ನಾವು ಕ್ರಿಸ್ತರನ್ನು ಸಾರಲಿಲ್ಲ, ಕಣ್ಣಾರೆ ಕಂಡದ್ದನ್ನು ಸಾರಿದೆವು ಎಂದು ಒತ್ತಿ ಹೇಳುವುದು ಈ ಕಾರಣಕ್ಕೇ.

ಸಂತ ಪೌಲರು ಇದೇ ವಿಷಯವನ್ನು ಇನ್ನೂ ಹರಿತವಾಗಿ ಹೇಳಿದ್ದಾರೆ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಎರಡನೆಯ ಅಧ್ಯಾಯದ ಕೊನೆಯಲ್ಲಿ, ದೇವರ ವಾಕ್ಯವನ್ನು ಚಿಲ್ಲರೆ ವ್ಯಾಪಾರ ಮಾಡುವ ಅನೇಕರಂತೆ ನಾವಲ್ಲ, ನಾವು ನಿಷ್ಕಪಟತೆಯಿಂದ ಮಾತನಾಡುವವರು ಎನ್ನುತ್ತಾರೆ. ಅವರು ಅಲ್ಲಿ ಬಳಸಿದ ಗ್ರೀಕ್ ಕ್ರಿಯಾಪದವು 'ಕಪೇಲೋಸ್' ಎಂಬ ನಾಮಪದದಿಂದ ಬಂದದ್ದು. ಕಪೇಲೋಸ್ ಎಂದರೆ ಚಿಲ್ಲರೆ ವ್ಯಾಪಾರಿ, ವಿಶೇಷವಾಗಿ ದ್ರಾಕ್ಷಾರಸ ಮಾರುವವನು. ಪಾತ್ರೆಯಲ್ಲಿ ನೀರು ಬೆರೆಸಿ ಅಳತೆ ಹೆಚ್ಚಿಸುವವನು ಎಂಬ ಕೆಟ್ಟ ಹೆಸರು ಆ ಕಸುಬಿಗೆ ಅಂಟಿಕೊಂಡಿತ್ತು. ಯೆಶಾಯ ಪ್ರವಾದಿಯ ಗ್ರಂಥದ ಗ್ರೀಕ್ ಅನುವಾದದಲ್ಲಿಯೂ ದ್ರಾಕ್ಷಾರಸಕ್ಕೆ ನೀರು ಬೆರೆಸುವವರಿಗೆ ಇದೇ ಹೆಸರಿದೆ. ಅದೇ ವಾಕ್ಯದ ಲತೀನ್ ಅನುವಾದದಲ್ಲಿ, ಕಲಬೆರಕೆ ಮಾಡುವವರ ಎದುರಿಗೆ ನಿಲ್ಲಿಸಿದ ಪದವೇ 'ಸಿನ್ಸೇರಿತಾಸ್', ನಮ್ಮ 'ಸಿನ್ಸಿಯರ್' ಪದದ ತಾಯಿಮನೆ. ದೇವರ ವಾಕ್ಯವೆಂಬ ದ್ರಾಕ್ಷಾರಸಕ್ಕೆ ನೀರು ಬೆರೆಸಬೇಡಿ ಎಂಬ ಎಚ್ಚರಿಕೆಯಲ್ಲಿ ಹುದುಗಿರುವ ಪದವನ್ನು ವಿವರಿಸಲು, ಪ್ರಬೋಧಕರಾದ ನಾವೇ ನೀರು ಬೆರೆಸುವುದು ಎಷ್ಟು ಸರಿ?

ಕಥೆಯನ್ನು ಬಿಟ್ಟುಕೊಟ್ಟರೆ ನಮಗೇನೂ ನಷ್ಟವಿಲ್ಲ. ನಿಜವಾದ ಬೇರು ಕಥೆಗಿಂತ ಆಳವಾದದ್ದು, ನನ್ನ ಮಟ್ಟಿಗೆ ಕಥೆಗಿಂತ ಸುಂದರವಾದದ್ದು.

'ಸಿನ್ಸಿಯರ್' ಇಂಗ್ಲಿಷಿಗೆ ಬಂದದ್ದು ಹದಿನಾರನೆಯ ಶತಮಾನದಲ್ಲಿ. ಲತೀನಿನ 'ಸಿನ್ಸೇರುಸ್' ಎಂದರೆ ಶುದ್ಧ, ಬೆರಕೆಯಿಲ್ಲದ, ಕೆಡದ ಎಂದರ್ಥ. ವಿದ್ವಾಂಸರು ಹೆಚ್ಚಾಗಿ ಒಪ್ಪುವ ವಿವರಣೆಯ ಪ್ರಕಾರ ಈ ಪದದಲ್ಲಿ ಎರಡು ಅತಿ ಪ್ರಾಚೀನ ಧಾತುಗಳಿವೆ. ಮೊದಲನೆಯದು 'ಸೆಮ್', ಅಂದರೆ ಒಂದು. ಎರಡನೆಯದು 'ಕೆರ್', ಅಂದರೆ ಬೆಳೆಯುವುದು. ಎರಡೂ ಕೂಡಿದರೆ 'ಒಂದೇ ಬೆಳವಣಿಗೆಯದು', 'ಒಂದೇ ಬೇರಿನಿಂದ ಬೆಳೆದದ್ದು' ಎಂದಾಗುತ್ತದೆ. ಹೊಲದಲ್ಲಿ ಬೇರೊಂದು ಪೈರು ನುಸುಳದೆ, ಬಿತ್ತಿದ ಬೀಜವೊಂದೇ ಬೆಳೆದು ನಿಂತಂತೆ.

ಈ ಧಾತುಗಳು ಲತೀನಿಗಷ್ಟೇ ಸೇರಿದವಲ್ಲ. ಸಂಸ್ಕೃತ, ಗ್ರೀಕ್, ಲತೀನ್ ಭಾಷೆಗಳು ಒಂದೇ ಮೂಲದಿಂದ ಹೊರಟಿರಬೇಕೆಂದು ಸರ್ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯಲ್ಲಿ ಮಾಡಿದ ಭಾಷಣ ಪ್ರಸಿದ್ಧವಾಗಿದೆ. ಅದಕ್ಕೂ ಎರಡು ಶತಮಾನಗಳ ಹಿಂದೆ, 1583ರಲ್ಲಿ, ಗೋವೆಯಲ್ಲಿ ಸೇವೆ ಸಲ್ಲಿಸುತ್ತಿದ್ದ ಯೇಸುಸಭೆಯ ಗುರು, 'ಕ್ರಿಸ್ತಪುರಾಣ'ದ ಕರ್ತೃ ಥಾಮಸ್ ಸ್ಟೀಫನ್ಸರು, ತಮ್ಮ ಸಹೋದರನಿಗೆ ಬರೆದ ಪತ್ರದಲ್ಲಿ ಇಲ್ಲಿನ ಭಾಷೆಗಳ ರಚನೆ ಗ್ರೀಕ್ ಮತ್ತು ಲತೀನನ್ನು ಹೋಲುತ್ತದೆಂದು ಗುರುತಿಸಿದ್ದರು. ಆ ಸಮಾನ ಮೂಲದ 'ಸೆಮ್' ಧಾತುವೇ ಸಂಸ್ಕೃತದಲ್ಲಿ 'ಸಮ' ಆಯಿತು. ನಮ್ಮ ಕನ್ನಡ ಬೇರೆ ಕುಟುಂಬದ ಭಾಷೆಯಾದರೂ ಆ ಪದವನ್ನು ಸಂಸ್ಕೃತದಿಂದ ಪಡೆದು ತನ್ನದಾಗಿಸಿಕೊಂಡಿದೆ. ಸಮ, ಸಮಾನ ಎಂದು ನಾವು ಹೇಳುವಾಗಲೆಲ್ಲ ಆ ಹಳೆಯ ಧಾತು ನಮ್ಮ ನಾಲಿಗೆಯ ಮೇಲೆ ಸುಳಿಯುತ್ತದೆ. ಇಂಗ್ಲಿಷಿನ 'ಸೇಮ್', 'ಸಿಂಗಲ್', 'ಸಿಂಪಲ್' ಇದೇ ಬಳಗದವು. 'ಸಿಂಪಲ್' ಎಂದರೆ ಒಂದೇ ಮಡಿಕೆಯದು. ಬಟ್ಟೆಯನ್ನು ಮಡಿಸಿ ಒಳಗೆ ಏನನ್ನೂ ಬಚ್ಚಿಟ್ಟಿಲ್ಲ ಎಂಬ ಚಿತ್ರ ಅದರಲ್ಲಿದೆ.

'ಕೆರ್' ಧಾತುವಿನ ಸಂತಾನವೂ ದೊಡ್ಡದು. ರೋಮನರ ಧಾನ್ಯದೇವತೆ 'ಸೆರೆಸ್' ಹೆಸರು ಅದರಿಂದ. ಅವಳ ಹೆಸರಿನಿಂದ ಧಾನ್ಯಗಳಿಗೆ ಇಂಗ್ಲಿಷಿನಲ್ಲಿ 'ಸೀರಿಯಲ್' ಎಂಬ ಹೆಸರು ಬಂತು. ಹೆಚ್ಚುವುದು ಎಂಬರ್ಥದ 'ಇನ್‌ಕ್ರೀಸ್', ಸೃಷ್ಟಿಸುವುದು ಎಂಬರ್ಥದ 'ಕ್ರಿಯೇಟ್' ಸಹ ಅದರ ಮಕ್ಕಳೇ. ಹಾಗಾಗಿ ನಾವು ಪ್ರತಿ ಭಾನುವಾರ ವಿಶ್ವಾಸ ಸಂಗ್ರಹದಲ್ಲಿ ಸೃಷ್ಟಿಕರ್ತರಾದ ದೇವರನ್ನು ಒಪ್ಪಿಕೊಳ್ಳುವಾಗ ಲತೀನ್ ಬಳಸುವ ಪದವೂ 'ಸಿನ್ಸಿಯರ್' ಪದವೂ ದೂರದ ದಾಯಾದಿಗಳು. ಬೆಳೆಸುವವರು ದೇವರು, ಬೆರಕೆಯಿಲ್ಲದೆ ಬೆಳೆಯಬೇಕಾದವರು ನಾವು.

ಈಗ ಕಥೆಯನ್ನೂ ಬೇರನ್ನೂ ಅಕ್ಕಪಕ್ಕದಲ್ಲಿಟ್ಟು ನೋಡೋಣ. ಮೇಣದ ಕಥೆ ನಮ್ಮನ್ನು ಕಲ್ಲಿಗೆ ಹೋಲಿಸುತ್ತದೆ. ಬಿರುಕಿಲ್ಲದ ಕಲ್ಲು ಒಳ್ಳೆಯದು, ಬಿರುಕಿರುವ ಕಲ್ಲು ಕೆಟ್ಟದ್ದು. ಬಿರುಕನ್ನು ಮುಚ್ಚಿದರಂತೂ ಮೋಸ. ಇದನ್ನು ಕೇಳಿದ ದುರ್ಬಲ ಮನುಷ್ಯ ಏನೆಂದುಕೊಳ್ಳುತ್ತಾನೆ? "ನನ್ನಲ್ಲಿ ಬಿರುಕುಗಳಿವೆ. ಆದ್ದರಿಂದ ಪ್ರಾಮಾಣಿಕರ ಸಾಲಿನಲ್ಲಿ ನನಗೆ ಸ್ಥಳವಿಲ್ಲ." ಹೀಗೆಂದುಕೊಂಡು ಪಾಪನಿವೇದನೆಯಿಂದ, ಪರಮಪ್ರಸಾದದಿಂದ ವರ್ಷಗಟ್ಟಲೆ ದೂರ ಉಳಿದವರು ನಮ್ಮ ಧರ್ಮಕೇಂದ್ರಗಳಲ್ಲಿ ಕಡಿಮೆಯೇನಿಲ್ಲ. "ಒಳಗೊಂದು ಹೊರಗೊಂದು ಇಟ್ಟುಕೊಂಡು ದೇವರ ಮುಂದೆ ಬರಲು ನನಗೆ ಮನಸ್ಸಿಲ್ಲ" ಎನ್ನುವವರ ಮಾತಿನಲ್ಲಿ ಒಂದು ಬಗೆಯ ನೋವಿನ ಗೌರವವೂ ಇದೆ.

ಬೇರಿನ ಸತ್ಯ ನಮ್ಮನ್ನು ಕಲ್ಲಿಗೆ ಹೋಲಿಸುವುದಿಲ್ಲ, ಬೆಳೆಯುವ ಸಸಿಗೆ ಹೋಲಿಸುತ್ತದೆ. ಸಸಿಗೆ ಗಾಯವಾಗುತ್ತದೆ, ದನ ಮೇಯುತ್ತದೆ, ಗಾಳಿಗೆ ಕೊಂಬೆ ಮುರಿಯುತ್ತದೆ. ಮುರಿದ ಕಡೆ ಗಂಟು ಕಟ್ಟಿಕೊಂಡು ಅದು ಮತ್ತೆ ಬೆಳೆಯುತ್ತದೆ. ಗಂಟಿರುವ ಮರ ಒಂದೇ ಮರವಲ್ಲವೇ? ಬಿರುಕು ಬಿಟ್ಟ ಕಲ್ಲು ತನ್ನನ್ನು ತಾನೇ ಕೂಡಿಸಿಕೊಳ್ಳಲಾರದು. ಜೀವವಿರುವ ಮರ ಕೂಡಿಸಿಕೊಳ್ಳಬಲ್ಲದು. ನಿಷ್ಕಪಟತೆ ಎಂದರೆ ಗಾಯವಿಲ್ಲದಿರುವುದಲ್ಲ, ಎರಡು ಬೇರುಗಳಿಲ್ಲದಿರುವುದು.

ಶುಭಸಂದೇಶಗಳ ಪುಟಗಳಲ್ಲಿ ಇದಕ್ಕೆ ಸಾಕ್ಷಿಗಳು ಸಾಲಾಗಿ ನಿಂತಿವೆ. ಪೇತ್ರರ ಬದುಕಿನಲ್ಲಿ ದೊಡ್ಡ ಬಿರುಕಿದೆ: ಕೆಂಡದ ಬೆಂಕಿಯ ಬಳಿ ನಿಂತು ಮೂರು ಬಾರಿ ಗುರುವನ್ನು ಅಲ್ಲಗಳೆದರು. ಪುನರುತ್ಥಾನದ ನಂತರ ಸರೋವರದ ದಡದಲ್ಲಿ, ಮತ್ತೊಂದು ಕೆಂಡದ ಬೆಂಕಿಯ ಬಳಿ, ಯೇಸುಸ್ವಾಮಿ ಅವರ ಪ್ರೀತಿಯನ್ನು ಮೂರು ಬಾರಿ ವಿಚಾರಿಸಿದಾಗ, ಪೇತ್ರರು ತಮ್ಮ ಸಾಧನೆಯನ್ನು ಮುಂದಿಡಲಿಲ್ಲ. ನಿಮಗೆ ಎಲ್ಲವೂ ತಿಳಿದಿದೆ ಎಂದರು. ಬಿರುಕಿತ್ತು, ಬೆರಕೆಯಿರಲಿಲ್ಲ. ಯೂದನ ಮುತ್ತಿನಲ್ಲಾದರೋ ಹೊರಗೆ ಯಾವ ಬಿರುಕೂ ಕಾಣಲಿಲ್ಲ. ನೋಡಿದವರಿಗೆ ಅದು ಶಿಷ್ಯನ ಗೌರವವಾಗಿಯೇ ತೋರಿರಬೇಕು. ಆದರೆ ಅದರ ಬೇರು ಎರಡಾಗಿತ್ತು.

ಕುಟುಂಬಸ್ಥರಾದ ನಿಮಗೆ ಇನ್ನೂ ಹತ್ತಿರವಾದ ಉದಾಹರಣೆ ಪ್ರೇಷಿತರ ಕಾರ್ಯಕಲಾಪಗಳ ಐದನೆಯ ಅಧ್ಯಾಯದಲ್ಲಿದೆ. ಅನನೀಯ ಮತ್ತು ಸಫೈರ ದಂಪತಿಗಳು ಹೊಲವನ್ನು ಮಾರಿ, ಹಣದ ಒಂದು ಭಾಗವನ್ನು ಉಳಿಸಿಕೊಂಡು, ಉಳಿದದ್ದನ್ನು ಪೂರ್ಣ ಮೊತ್ತವೆಂದು ಹೇಳಿ ಪ್ರೇಷಿತರ ಪಾದದ ಬಳಿ ಇಟ್ಟರು. ಅವರ ದೋಷ ಹಣ ಉಳಿಸಿಕೊಂಡದ್ದೇ? ಅಲ್ಲ. ಹೊಲ ನಿನ್ನದೇ ಆಗಿತ್ತು, ಮಾರಿದ ಮೇಲೂ ಹಣ ನಿನ್ನ ವಶದಲ್ಲೇ ಇತ್ತು ಎಂದು ಪೇತ್ರರೇ ಸ್ಪಷ್ಟಪಡಿಸುತ್ತಾರೆ. "ಅರ್ಧ ತಂದಿದ್ದೇವೆ, ಉಳಿದರ್ಧ ನಮಗೆ ಬೇಕಾಗಿದೆ" ಎಂದಿದ್ದರೆ ಅವರನ್ನು ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅರ್ಧ ದಾನಕ್ಕೆ ಪೂರ್ಣ ದಾನದ ಕೀರ್ತಿಯನ್ನು ಬಯಸಿದ್ದೇ ಅವರನ್ನು ಕೆಡಿಸಿತು. ಗಂಡಹೆಂಡಿರು ಒಮ್ಮತದಿಂದ ಇದನ್ನು ಮಾಡಿದರೆಂಬುದು ಇನ್ನೂ ಯೋಚಿಸಬೇಕಾದ ಸಂಗತಿ. ಸುಳ್ಳಿನಲ್ಲಿ ಒಂದಾಗುವುದು ಐಕ್ಯವಲ್ಲ.

ಪೌಲರು ನಿಷ್ಕಪಟತೆಗೆ ಬಳಸಿದ ಗ್ರೀಕ್ ಪದ 'ಐಲಿಕ್ರಿನೇಯ'. ಬಿಸಿಲು ಎಂಬ ಪದವೂ ಪರೀಕ್ಷಿಸು ಎಂಬ ಪದವೂ ಕೂಡಿ ಅದಾಯಿತೆಂದು ವ್ಯಾಖ್ಯಾನಕಾರರು ವಿವರಿಸುವ ರೂಢಿಯಿದೆ. ಪಂಡಿತರಲ್ಲಿ ಅದಕ್ಕೆ ಪೂರ್ಣ ಒಮ್ಮತವಿಲ್ಲ. ಆ ವಿವರಣೆಯನ್ನು ಪ್ರಮಾಣವಾಗಿ ಹಿಡಿಯದೆಯೂ, ಪೌಲರ ವಾಕ್ಯದಲ್ಲಿಯೇ ನಮಗೆ ಬೇಕಾದ ಚಿತ್ರ ದೊರೆಯುತ್ತದೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಐದನೆಯ ಅಧ್ಯಾಯದಲ್ಲಿ ಅವರು ಹಳೆಯ ಹುಳಿಹಿಟ್ಟನ್ನು ಕಿತ್ತೆಸೆದು, ಹುಳಿಯಿಲ್ಲದ ರೊಟ್ಟಿಯಂತೆ ನಿಷ್ಕಪಟತೆಯಿಂದ ಪಾಸ್ಖಹಬ್ಬವನ್ನು ಆಚರಿಸಲು ಹೇಳುತ್ತಾರೆ. ಹುಳಿ ಒಂದು ಚಿಟಿಕೆ ಸಾಕು, ಕಣಕವೆಲ್ಲ ಉಬ್ಬುತ್ತದೆ. ಬೆರಕೆಯ ಸ್ವಭಾವವೇ ಹಾಗೆ: ಅದು ಇಟ್ಟ ಜಾಗದಲ್ಲಿ ಇರುವುದಿಲ್ಲ.

ಇದಕ್ಕೆ ಎದುರಾದ ಪದವೂ ಗ್ರೀಕಿನದೇ. ಇಂಗ್ಲಿಷಿನ 'ಹಿಪೊಕ್ರಿಟ್' ಪದದ ಮೂಲವಾದ 'ಹುಪೊಕ್ರಿತೇಸ್' ಎಂದರೆ ರಂಗಮಂಚದ ನಟ. ಅಂದಿನ ನಟರು ಮುಖವಾಡ ಧರಿಸಿ ಆಡುತ್ತಿದ್ದರು. ಸಂತ ಮತ್ತಾಯರ ಶುಭಸಂದೇಶದಲ್ಲಿ ಯೇಸುಸ್ವಾಮಿ ಕಪಟಿಗಳೆಂದು ಗದರಿಸುವಾಗ ಬರುವ ಪದ ಇದೇ. ನಟನ ಕೆಲಸ ನಿಂದ್ಯವಲ್ಲ. ರಂಗದಿಂದ ಇಳಿದ ಮೇಲೂ ಮುಖವಾಡವನ್ನು ಕಳಚದಿರುವುದು ನಿಂದ್ಯ. ಪ್ರಾರ್ಥನೆ, ಉಪವಾಸ, ದಾನಧರ್ಮ ಮೂರನ್ನೂ ಹೆಸರಿಸಿ, ಪ್ರೇಕ್ಷಕರಿಗಾಗಿ ಅವುಗಳನ್ನು ಮಾಡಬೇಡಿರೆಂದು ಅವರು ಎಚ್ಚರಿಸಿದ್ದನ್ನು ನಾವು ಪ್ರತಿ ವರ್ಷ ವಿಭೂತಿ ಬುಧವಾರದಂದು ಕೇಳುತ್ತೇವೆ. ಕೇಳಿ, ಹಣೆಗೆ ಬೂದಿ ಹಚ್ಚಿಕೊಂಡು ಹೊರಬರುತ್ತೇವೆ. ಆ ಬೂದಿಯೂ ಮುಖವಾಡವಾಗಬಹುದು, ಇಲ್ಲವೇ ಮುಖವಾಡ ಸುಟ್ಟು ಉಳಿದ ಬೂದಿಯಾಗಬಹುದು. ಆಯ್ಕೆ ನಮ್ಮದು.

ನಮ್ಮ ಭಾಷೆ ಈ ಗುಣವನ್ನು ಏನೆಂದು ಕರೆಯುತ್ತದೆ? 'ಪ್ರಾಮಾಣಿಕ' ಎನ್ನುತ್ತೇವೆ; ಅದರಲ್ಲಿ ಪ್ರಮಾಣವಿದೆ, ಸಾಕ್ಷ್ಯಕ್ಕೆ ನಿಲ್ಲುವಂಥದ್ದು ಎಂಬ ಭಾವವಿದೆ. 'ನಿಷ್ಕಪಟ' ಎನ್ನುತ್ತೇವೆ, ಮೇಣದ ಕಥೆಯಂತೆ ಅದು ಏನಿಲ್ಲ ಎಂಬುದನ್ನು ಹೇಳುತ್ತದೆ, ಏನಿದೆ ಎಂಬುದನ್ನಲ್ಲ. ನತಾನಿಯೇಲನನ್ನು ನೋಡಿ ಇವನಲ್ಲಿ ಕಪಟವಿಲ್ಲವೆಂದು ಯೇಸುಸ್ವಾಮಿ ಮೆಚ್ಚಿದ ಪ್ರಸಂಗ ನೆನಪಾಗುತ್ತದೆ. ಸ್ವಾರಸ್ಯವೆಂದರೆ, ನಜರೇತಿನಿಂದ ಒಳ್ಳೆಯದೇನಾದರೂ ಬರಬಲ್ಲುದೇ ಎಂದು ಆತ ಆಗತಾನೆ ಹಂಗಿಸಿದ್ದ! ಆತನ ಅಭಿಪ್ರಾಯ ತಪ್ಪಾಗಿತ್ತು. ಆತನ ಮನಸ್ಸು ಮಾತು ಒಂದಾಗಿದ್ದವು. ಹಾಗಾಗಿಯೇ ಸತ್ಯ ಎದುರಾದಾಗ ಆತನಿಗೆ ತಿರುಗಲು ತಡವಾಗಲಿಲ್ಲ. 'ಸಿನ್ಸಿಯರ್' ಪದದ ಬೇರಿಗೆ ಅತಿ ಸಮೀಪವಾದ ಮಾತು ಬಹುಶಃ ನಮ್ಮ ಹಿರಿಯರು ಬಳಸುತ್ತಿದ್ದ 'ತ್ರಿಕರಣಶುದ್ಧಿ'. ಮನಸ್ಸು, ಮಾತು, ಕೃತಿ ಎಂಬ ಮೂರು ಕೊಂಬೆಗಳು ಒಂದೇ ಬೇರಿನಿಂದ ರಸ ಹೀರುವ ಸ್ಥಿತಿ ಅದು.

ಇಷ್ಟೆಲ್ಲ ಪದಗಳ ವಿಚಾರ ಮನೆಯೊಳಗೆ ಬಂದಾಗ ಏನಾಗಬೇಕು? ಮೊದಲಿಗೆ ಮಕ್ಕಳನ್ನು ನೆನೆಯೋಣ. ತಂದೆತಾಯಿಗಳು ತಪ್ಪು ಮಾಡುವುದನ್ನು ಮಕ್ಕಳು ಸಹಿಸಬಲ್ಲರು. ಅಪ್ಪ ಸಿಟ್ಟಿನಲ್ಲಿ ಕೂಗಾಡಿ ಮರುದಿನ "ನಾನು ಹಾಗೆ ಮಾತನಾಡಬಾರದಿತ್ತು ಮಗಾ" ಎಂದರೆ ಮಗುವಿನ ಗೌರವ ಕುಗ್ಗದು, ಹೆಚ್ಚೀತು. ಮಕ್ಕಳು ಸಹಿಸಲಾರದ್ದು ಎರಡು ಮುಖಗಳನ್ನು. ಬಾಗಿಲಲ್ಲಿ ನಗುತ್ತ ಸ್ವಾಗತಿಸಿದ ನೆಂಟರನ್ನು ಅವರು ಹೊರಟ ಮರುಕ್ಷಣವೇ ಹಳಿಯುವುದು. "ಮನೆಯಲ್ಲಿಲ್ಲ ಅಂತ ಹೇಳು" ಎಂದು ಮಗುವಿನ ಕೈಗೇ ಫೋನು ಕೊಡುವುದು. ದೇವಾಲಯದಲ್ಲಿ ಶಾಂತಿಯ ಕೈ ಜೋಡಿಸಿದ ಪಕ್ಕದ ಮನೆಯವರೊಡನೆ ಗೇಟಿನ ಬಳಿ ಮಾತು ಬಿಡುವುದು. ಮೊದಲನೆಯದರಿಂದ ಮಗು ಕ್ಷಮೆಯನ್ನು ಕಲಿಯುತ್ತದೆ, ಎರಡನೆಯದರಿಂದ ನಟನೆಯನ್ನು.

ದಾಂಪತ್ಯದಲ್ಲಿಯೂ ಹೀಗೆಯೇ. ಸಾಲವನ್ನು ಹೆಂಡತಿಗೆ ಹೇಳದ ಗಂಡ, ನೋವನ್ನು ಗಂಡನಿಗೆ ಹೇಳದ ಹೆಂಡತಿ ಇಬ್ಬರೂ ಸಾಮಾನ್ಯವಾಗಿ ಕೆಟ್ಟವರಲ್ಲ. ಮನೆಯ ನೆಮ್ಮದಿ ಕೆಡಬಾರದೆಂದು ಬಿರುಕನ್ನು ಮುಚ್ಚುತ್ತಾರೆ. ಆದರೆ ಮುಚ್ಚಿದ್ದಷ್ಟು ಕಾಲವೂ ಒಂದೇ ಸೂರಿನಡಿ ಎರಡು ಬದುಕುಗಳು ಬೆಳೆಯುತ್ತವೆ. ಹೇಳಿಕೊಂಡ ದಿನ ಜಗಳವಾದೀತು, ಕಣ್ಣೀರು ಬಂದೀತು; ಆದರೆ ಒಂದೇ ಬೇರಿನ ಬದುಕು ಅಂದಿನಿಂದ ಮತ್ತೆ ಚಿಗುರಲು ಅವಕಾಶವಾಗುತ್ತದೆ. ಇಲ್ಲೊಂದು ಎಚ್ಚರಿಕೆಯೂ ಅಗತ್ಯ. ಮನಸ್ಸಿಗೆ ಬಂದದ್ದನ್ನೆಲ್ಲ ಮುಖಕ್ಕೆ ಹೊಡೆದಂತೆ ಹೇಳಿ "ನಾನು ನೇರ ಮನುಷ್ಯ" ಎಂದು ಬೀಗುವುದು ನಿಷ್ಕಪಟತೆಯಲ್ಲ. ಅದು ಪ್ರೀತಿಯ ಬೇರಿನಿಂದ ಬಂದದ್ದಲ್ಲ. ಅಹಂಕಾರ ಅಲ್ಲಿ ಸತ್ಯದ ಬಟ್ಟೆ ಉಟ್ಟಿರುತ್ತದೆ. ಎಫೆಸದವರಿಗೆ ಬರೆದ ಪತ್ರವು ಪ್ರೀತಿಯಿಂದ ಸತ್ಯವನ್ನು ನುಡಿಯುತ್ತ ಕ್ರಿಸ್ತರಲ್ಲಿ ಬೆಳೆಯಬೇಕೆಂದು ಹೇಳುತ್ತದೆ. ಸತ್ಯ, ಪ್ರೀತಿ, ಬೆಳವಣಿಗೆ ಮೂರೂ ಅಲ್ಲಿ ಒಟ್ಟಿಗೇ ಇರುವುದನ್ನು ಗಮನಿಸಿ.

ಕೊನೆಗೆ ಮೇಣದ ಪರವಾಗಿ ಒಂದು ಮಾತು. ಕಥೆಯಲ್ಲಿ ಪಾಪ, ಅದು ಮೋಸದ ಸರಕಾಗಿ ಹೆಸರು ಕೆಡಿಸಿಕೊಂಡಿದೆ. ಆದರೆ ಧರ್ಮಸಭೆ ಮೇಣವನ್ನು ಎಂದೂ ದೂರವಿಟ್ಟಿಲ್ಲ. ಪಾಸ್ಖ ಜಾಗರಣೆಯ ರಾತ್ರಿ ಹೊಸ ಬತ್ತಿಯ ಮುಂದೆ ನಿಂತು ಹಾಡುವ ಹರ್ಷಘೋಷಣೆಯ ಲತೀನ್ ಪಾಠದಲ್ಲಿ ಆ ಬತ್ತಿಗೆ ಮೇಣವನ್ನು ಕೂಡಿಸಿಟ್ಟ ಜೇನ್ನೊಣಗಳ ಸ್ಮರಣೆಯಿದೆ. ಬಿರುಕನ್ನು ಮುಚ್ಚುವ ಮೇಣ ಬೇರೆ, ಬೆಳಕಿಗಾಗಿ ಕರಗುವ ಮೇಣ ಬೇರೆ. ನಮ್ಮ ದೌರ್ಬಲ್ಯಗಳ ವಿಷಯವೂ ಇಷ್ಟೇ. ಅವುಗಳನ್ನು ಮುಚ್ಚಿಡಲು ವ್ಯಯಿಸುವ ಶಕ್ತಿಯನ್ನು ದೇವರ ಮುಂದೆ ತೆರೆದಿಡಲು ಬಳಸಿದರೆ, ಕರಗುವುದರಿಂದಲೇ ಬೆಳಕು ಬರುತ್ತದೆ. ಪಾಪನಿವೇದನೆ ಎಂಬ ಸಂಸ್ಕಾರದ ಗುಟ್ಟು ಇದೇ. ಅಲ್ಲಿಗೆ ನಾವು ಹೋಗುವುದು ಬಿರುಕಿಲ್ಲದ ಪ್ರತಿಮೆಯೆಂದು ಪ್ರಮಾಣಪತ್ರ ಪಡೆಯಲು ಅಲ್ಲ. ಇಬ್ಭಾಗವಾದ ಬದುಕನ್ನು ಒಂದು ಮಾಡಿಸಿಕೊಳ್ಳಲು.

ಸಂತ ಪೌಲರು ಸೆರೆಮನೆಯಿಂದ ಫಿಲಿಪ್ಪಿಯರಿಗೆ ಬರೆದ ಪತ್ರದ ಆರಂಭದಲ್ಲಿಯೇ ಅವರಿಗಾಗಿ ಒಂದು ಪ್ರಾರ್ಥನೆಯಿದೆ. ಅವರ ಪ್ರೀತಿ ಜ್ಞಾನದಲ್ಲಿಯೂ ವಿವೇಕದಲ್ಲಿಯೂ ಹೆಚ್ಚುತ್ತ ಹೋಗಲಿ, ಕ್ರಿಸ್ತರು ಬರುವ ದಿನ ಅವರು ನಿಷ್ಕಪಟಿಗಳಾಗಿ, ಸತ್ಫಲ ತುಂಬಿದವರಾಗಿ ಕಾಣಲಿ ಎಂದು ಅವರು ಬೇಡುತ್ತಾರೆ. ಆ ಪತ್ರದ ಲತೀನ್ ಅನುವಾದದಲ್ಲಿ ನಮ್ಮ ಪದ ಇದೆ, ಪಕ್ಕದಲ್ಲೇ ಫಲದ ಮಾತೂ ಇದೆ. ಹೆಚ್ಚುವುದು, ಫಲಿಸುವುದು ಕಲ್ಲಿನ ಮಾತಲ್ಲ, ಬೆಳೆಯ ಮಾತು. ಕೈಗೆ ಬೇಡಿ ಬಿದ್ದ ಆ ಮನುಷ್ಯನ ಪ್ರಾರ್ಥನೆ ಅಂದಿನ ಫಿಲಿಪ್ಪಿಯ ಕುಟುಂಬಗಳಿಗೆ ಸಲ್ಲುವಂತೆ ಇಂದು ನಿಮ್ಮ ಕುಟುಂಬಕ್ಕೂ ಸಲ್ಲಲಿ. ಇನ್ನು ಮುಂದೆ ಯಾರನ್ನಾದರೂ 'ಸಿನ್ಸಿಯರ್' ಎಂದು ಮೆಚ್ಚುವಾಗ, ಅವರು ಎಷ್ಟು ಹೊತ್ತು ದುಡಿದರು ಎಂಬುದರ ಜೊತೆಗೆ, ಅವರೊಡನೆ ನಾವು ಎಷ್ಟು ನಿರ್ಭಯವಾಗಿ ನಮ್ಮ ಮನಸ್ಸನ್ನು ತೆರೆದಿಡಬಲ್ಲೆವು ಎಂಬುದನ್ನೂ ಸ್ವಲ್ಪ ಯೋಚಿಸೋಣ. ನಮ್ಮ ಮಕ್ಕಳು ನಮ್ಮ ಬಗ್ಗೆ ಅದೇ ಮಾತನ್ನು ಹೇಳುವಂತಾದರೆ, ನಮ್ಮ ಮನೆಯ ಹೊಲದಲ್ಲಿ ಬೆರಕೆಯಿಲ್ಲದ ಬೆಳೆ ಬಂದಿದೆ ಎಂದೇ ಅರ್ಥ.